ರಕ್ತ ಕುಡಿಯುವವರ ಕತೆ ಓದುತ್ತಿದ್ದ ಹುಡುಗಿ

ನನ್ನ ಅಕ್ಕನ ಮಗಳು ವಿಜಯವಾಡದಿಂದ ವಿಶಾಖಪಟ್ಟಣಕ್ಕೆ, ನನ್ನ ಮನೆಯಲ್ಲಿ ಇರಲೆಂದು ಬಂದಾಗ ಎರಡು ಚೀಲ ತಂದಿದ್ದಳು. ಒಂದರಲ್ಲಿ ಬಟ್ಟೆ, ಮಾತ್ರೆ. ಇನ್ನೊಂದನ್ನು ಎತ್ತಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿತು. ಬಿಚ್ಚಿ ನೋಡಿದರೆ ಇಟ್ಟಿಗೆಯಂಥ ಇಂಗ್ಲಿಷ್ ಕಾದಂಬರಿಗಳು, ಎಲ್ಲವೂ ಒಬ್ಬಳೇ ಲೇಖಕಿಯವು, ಕಪ್ಪು ರಟ್ಟಿನ ಮೇಲೆ ಕೆಂಪು ಅಕ್ಷರ.

"ಏನವ ಇವು?" ಎಂದೆ.

"ವ್ಯಾಂಪೈರ್, ಪಿನ್ನೀ. ಬೇರೆಯವರ ರಕ್ತ ಕುಡಿದು ಬದುಕೋರ ಕತೆ." ಚಿಕ್ಕಮ್ಮನಾದ ನನ್ನನ್ನು ಅವಳು ತೆಲುಗಿನವರ ಹಾಗೆ ಪಿನ್ನಿ ಎಂದೇ ಕರೆಯುತ್ತಿದ್ದಳು.

"ಹೋಗಿ ಹೋಗಿ ಇವನ್ನ ಓದ್ತೀಯಾ? ನೀನು?"

"ನಾನು ಓದದೆ ಇನ್ಯಾರು ಓದಬೇಕು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ನನಗೆ ಬೇಗ ಸಿಟ್ಟು ಬರುತ್ತದೆ. ನನ್ನ ಬಾಯಿಗೆ ಹೆದರಿ ಯಾವ ಗಂಡೂ ಬರಲಿಲ್ಲ ಎಂದು ನಮ್ಮವ್ವ ಸಾಯುವ ತನಕ ಹೇಳುತ್ತಿದ್ದಳು.

ಸಿಟ್ಟಿಗೆ ಕಾರಣವಿತ್ತು. ಆ ಹುಡುಗಿಗೆ ಹುಟ್ಟಿನಿಂದ ಥಲಸ್ಸೇಮಿಯಾ. ಅವಳ ದೇಹ ಸರಿಯಾದ ರಕ್ತ ಮಾಡಿಕೊಳ್ಳುವುದಿಲ್ಲ, ಮೂರು ವಾರಕ್ಕೊಮ್ಮೆ ಹೊರಗಿನಿಂದ ಏರಿಸಬೇಕು. ಏರಿಸಿದ ರಕ್ತದ ಕಬ್ಬಿಣ ಒಳಗೇ ಉಳಿದು ಗುಂಡಿಗೆ, ಯಕೃತ್ತು ಎಲ್ಲವನ್ನೂ ತಿನ್ನುತ್ತದೆ, ಅದಕ್ಕೆ ಬೇರೆ ಔಷಧಿ. ನಾವು ಗದಗಿನ ಕಡೆಯವರು. ನಮ್ಮವ್ವ ತನ್ನ ಸ್ವಂತ ತಮ್ಮನಿಗೇ ಅಕ್ಕನನ್ನು ಕೊಟ್ಟಳು. ಮಾಮ ವಿಜಯವಾಡದ ಆಟೋನಗರದಲ್ಲಿ ಲಾರಿಯ ಬಿಡಿಭಾಗಗಳ ಅಂಗಡಿ ಇಟ್ಟಿದ್ದ. ಮನೆಯಲ್ಲೇ ಗಂಡಿರುವಾಗ ಹೊರಗೆ ಯಾಕೆ ಹುಡುಕಬೇಕು ಎಂಬುದು ಎಲ್ಲರ ಮಾತು. ಇಬ್ಬರ ಮೈಯಲ್ಲೂ ಸದ್ದಿಲ್ಲದೆ ಅಡಗಿದ್ದದ್ದು ಮಗಳಲ್ಲಿ ಒಟ್ಟಾಗಿ ಹೊರಬಂತು. ಡಾಕ್ಟರು ಇದನ್ನು ವಿವರಿಸಿದ ದಿನ ಅಕ್ಕ ತವರಿಗೂ ಹೋಗಲಿಲ್ಲ, ಯಾರನ್ನೂ ಬೈಯಲಿಲ್ಲ. ಬೈಯಬೇಕೆಂದರೆ ಅಲ್ಲಿದ್ದವರೆಲ್ಲ ಅವಳ ರಕ್ತಸಂಬಂಧಿಗಳೇ.

ಓದು ಮುಗಿಸಿದ ಹುಡುಗಿಗೆ ಋಷಿಕೊಂಡದ ಗುಡ್ಡದ ಮೇಲಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಾನು ಅಚ್ಯುತಾಪುರಂ ಕಡೆಯ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಇದ್ದೇನೆ. ಹಾಗಾಗಿ ನನ್ನ ಮನೆ, ಹಾಗಾಗಿ ಆಸ್ಪತ್ರೆಗೆ ಕರೆದೊಯ್ಯುವ ಪಾಳಿಯೂ ನನ್ನದು.

ರಕ್ತ ಏರಿಸುವ ವಾರ್ಡಿನಲ್ಲಿ ಮೊದಲ ಸಲ ಅವಳ ಪಕ್ಕ ಕೂತಾಗ ನನಗೆ ನಾಚಿಕೆಯಾಗಿ ಹೋಯಿತು. ಸುತ್ತ ಸಣ್ಣ ಸಣ್ಣ ಮಕ್ಕಳು, ಮೊಬೈಲಿನಲ್ಲಿ ಕಾರ್ಟೂನ್ ತೋರಿಸುವ ತಾಯಂದಿರು. ಇವಳು ಮಾತ್ರ ಒಂದು ಕೈಗೆ ನಳಿಗೆ ಚುಚ್ಚಿಸಿಕೊಂಡು ಇನ್ನೊಂದು ಕೈಯಲ್ಲಿ ಆ ಕಪ್ಪು ಪುಸ್ತಕ ಹಿಡಿದಿದ್ದಾಳೆ. ನರ್ಸಮ್ಮ ರಟ್ಟಿನ ಚಿತ್ರ ನೋಡಿ, ಇಂಥದ್ದನ್ನು ಓದುವ ಜಾಗವೇ ಇದು ಎಂದು ತೆಲುಗಿನಲ್ಲಿ ಗದರಿಸಿದರು. ಹುಡುಗಿ ಪುಸ್ತಕವನ್ನೂ ಮೇಲೆ ತೂಗುತ್ತಿದ್ದ ರಕ್ತದ ಚೀಲವನ್ನೂ ತೋರಿಸಿ, "ಅವರೂ ಊಟಕ್ಕೆ ಕೂತಿದ್ದಾರೆ, ನಾನೂ ಕೂತಿದ್ದೀನಿ, ಒಟ್ಟಿಗೆ ಆಗ್ಲಿ ಬಿಡಿ ಸಿಸ್ಟರ್‌ಗಾರು" ಎಂದಳು. ನರ್ಸಮ್ಮ ಹಣೆ ಚಚ್ಚಿಕೊಂಡು ನಕ್ಕರು.

ಮೂರನೆಯ ವಾರ ಬಂತೆಂದರೆ ಅವಳು ಮೆಟ್ಟಿಲ ತಿರುವಿನಲ್ಲಿ ನಿಂತು ಗೋಡೆ ಹಿಡಿಯುತ್ತಿದ್ದಳು. ಕಣ್ಣು ಓಡದು, ತಲೆನೋವು. ಆಗ ಪುಸ್ತಕ ಓದುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಒಂದು ಪುಟ ಓದಿ, ಅವಳಿಗೆ ಬೇಕಾಗಿಲ್ಲದಿದ್ದರೂ ನನ್ನ ಸಮಾಧಾನಕ್ಕೆ ಕನ್ನಡದಲ್ಲಿ ಹೇಳಿಕೊಂಡು ಬೈಯುತ್ತಿದ್ದೆ. ಹಳೇ ಬಂಗಲೆ, ಮಖಮಲ್ಲಿನ ಪರದೆ, ಮೇಣದ ಬತ್ತಿ, ಸತ್ತು ನೂರು ವರ್ಷವಾದರೂ ತಲೆ ಬಾಚಿಕೊಂಡು ತಿರುಗುವ ಗಂಡಸರು. ಒಂದು ಪುಟದಲ್ಲಿ ರಕ್ತ ಕುಡಿಯುತ್ತಾರೆ, ಮುಂದಿನ ಪುಟಗಟ್ಟಲೆ ಅದಕ್ಕಾಗಿ ಅಳುತ್ತಾರೆ. ದೇವರಿದ್ದಾನೋ ಇಲ್ಲವೋ ಎಂದು ವಾದ ಹೂಡುತ್ತಾರೆ.

"ಇವಕ್ಕ ಮಾಡಾಕ ಬ್ಯಾರೆ ಕೆಲಸ ಇಲ್ಲೇನ? ಒಂದು ಅಂಗಡಿ ಇಟ್ಟಿದ್ರ ಅಳೂದು ನಿಲ್ತಿತ್ತು" ಎಂದೆ.

"ಅವರಿಗೆ ಬದುಕಿ ಬದುಕಿ ಬೇಜಾರು ಬಂದಿದೆ ಪಿನ್ನೀ. ನನಗೂ ಒಂದ್ಸಲ ಬೇಜಾರು ಬರೋವಷ್ಟು ಬದುಕಬೇಕು."

ಓದುತ್ತಿದ್ದ ಸಾಲು ನನಗೆ ತಪ್ಪಿಹೋಯಿತು. ಹುಡುಕಿ ಮತ್ತೆ ಓದಿದೆ.

ಜನ ಈ ಪುಸ್ತಕಗಳನ್ನು ಹೆದರಲಿಕ್ಕೆ ಓದುತ್ತಾರೆ ಎಂದುಕೊಂಡಿದ್ದೆ. ಅವಳಿಗೆ ಹೆದರಿಕೆಯ ಮಾತೇ ಇರಲಿಲ್ಲ. ಅವಳಿಗೆ ಅದರಲ್ಲಿ ಸಿಕ್ಕಿದ್ದೇನೆಂದು ತಿಳಿಯಲು ವಿಜಯವಾಡದ ಮನೆಯ ಒಂದು ಪದ್ಧತಿ ಹೇಳಬೇಕು. ಅವಳಿಗಾಗಿ ಯಾರೇ ರಕ್ತ ಕೊಡಲಿ, ಅಕ್ಕ ಅವರನ್ನು ಮನೆಗೆ ಊಟಕ್ಕೆ ಕರೆಯುತ್ತಿದ್ದಳು. ಆಟೋನಗರದ ಮೆಕ್ಯಾನಿಕ್ಕುಗಳು, ನೆಂಟರ ಮಕ್ಕಳು, ಪಕ್ಕದ ಬೀದಿಯ ಕಾಲೇಜು ಹುಡುಗರು. ಹೋಳಿಗೆ ಊಟ, ಎಲೆ ಅಡಿಕೆ, ಒಂದು ಶರ್ಟಿನ ಬಟ್ಟೆ. ಕೊನೆಗೆ ಹುಡುಗಿ ಬಂದು ಅವರ ಕಾಲು ಮುಟ್ಟಿ ನಮಸ್ಕರಿಸಬೇಕು. ನಡೆಯಲು ಕಲಿತಂದಿನಿಂದ ಅವಳು ಬಾಗುತ್ತಲೇ ಬಂದಳು. ಅಕ್ಕನದು ಒಳ್ಳೆಯ ಮನಸ್ಸೇ. ಕೊಟ್ಟವರ ಋಣ ನೆನೆಯಬೇಕು ಎನ್ನುತ್ತಿದ್ದಳು.

"ವಿಜಯವಾಡದಲ್ಲಿ ನಾನು ಮುಟ್ಟದ ಕಾಲೇ ಉಳಿದಿಲ್ಲ" ಎಂದಳು ಹುಡುಗಿ ಒಂದು ಸಲ. "ಈ ಪುಸ್ತಕದವರನ್ನ ನೋಡು. ಬೇರೆಯವರ ರಕ್ತದಲ್ಲೇ ಬದುಕ್ತಾರೆ. ಆದ್ರೂ ಒಳ್ಳೇ ಬಟ್ಟೆ ಹಾಕ್ತಾರೆ, ಪಿಯಾನೋ ನುಡಿಸ್ತಾರೆ, ಜಗಳ ಆಡ್ತಾರೆ, ಪ್ರೀತಿ ಮಾಡ್ತಾರೆ. ಯಾರ ಕಾಲಿಗೂ ಬೀಳಲ್ಲ ಕದಾ? ಮತ್ತೆ ಬಿಳಿಚಿಕೊಂಡಿದ್ರೆ ಅಲ್ಲಿ ಚೆಲುವು. ನಮ್ಮನೇಲಿ ಬಿಳಿಚಿಕೊಂಡ್ರೆ ಅಮ್ಮ ರಕ್ತ ಕೊಡೋರನ್ನ ಹುಡುಕೋಕೆ ಫೋನ್ ಹಿಡ್ಕೊಂಡು ಕೂತ್ಕೋತಾಳೆ. ಕನ್ನಡಿಯಲ್ಲೂ ಅವರು ಕಾಣಿಸಲ್ಲ, ಆ ಕಾಟನೂ ಇಲ್ಲ."

ಕನ್ನಡಿಯ ಮಾತು ಯಾಕೆ ಬಂತೆಂದು ನನಗೆ ಗೊತ್ತು. ಈ ಕಾಯಿಲೆಯಲ್ಲಿ ಮುಖದ ಎಲುಬು ಉಬ್ಬುತ್ತದೆ, ಚರ್ಮ ಕಂದುತ್ತದೆ. ನನ್ನ ಮನೆಯಲ್ಲಿ ಅವಳ ಒಂದು ಫೋಟೋ ಇಲ್ಲ, ತೆಗೆಯಲು ಬಿಡುತ್ತಿರಲಿಲ್ಲ.

ಅಕ್ಕ ಮಗಳನ್ನು ನೋಡಲು ಬಂದಾಗ ಪುಸ್ತಕ ಕಂಡು ರಂಪ ಮಾಡಿದಳು. ಮನೆಯಲ್ಲಿ ಇಂಥವನ್ನು ಇಟ್ಟುಕೊಂಡರೆ ಕಾಯಿಲೆ ಎಲ್ಲಿಂದ ಹೋದೀತು ಎಂದಳು. ಹುಡುಗಿ ಅವಳನ್ನು ಕೂರಿಸಿ ಆಗ ನಾವು ಓದುತ್ತಿದ್ದ ಕತೆ ಹೇಳಿದಳು. ಒಬ್ಬ ತಾಯಿ ರಕ್ತ ಕುಡಿಯುವವಳು, ಸಾವಿಲ್ಲದವಳು. ಅವಳ ಮಗಳು ಜ್ವರ ಬಂದು ಸಾಯುವ ಹೊತ್ತಿಗೆ ತಾಯಿ ಅವಳನ್ನೂ ತನ್ನಂತೆ ಮಾಡಿಕೊಳ್ಳುತ್ತಾಳೆ. ಮಗಳು ಊರೂರು ಅಲೆಯುತ್ತಾ ತಾಯಿಯನ್ನು ಒಂದೇ ಪ್ರಶ್ನೆ ಕೇಳುತ್ತಾಳೆ, ಮಾಡುವ ಮೊದಲು ನನ್ನನ್ನು ಕೇಳಿದೆಯಾ ಎಂದು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ತಾಯಿ ಆದಾಕಿ ಮತ್ತೇನ ಮಾಡಬೇಕಿತ್ತು? ಕಣ್ಣಮುಂದ ಸಾಯಾಕ ಬಿಡಬೇಕಿತ್ತೇನು?"

ಹುಡುಗಿ, "ಆ ತಾಯಿನೂ ಇದನ್ನೇ ಹೇಳ್ತಾಳಮ್ಮಾ" ಎಂದಳು. ಅಕ್ಕ ಆಮೇಲೆ ಪುಸ್ತಕದ ಸುದ್ದಿಗೆ ಹೋಗಲಿಲ್ಲ. ಮಾರನೆಯ ದಿನ ಕತೆ ಎಲ್ಲಿಗೆ ಬಂತು ಎಂದು ನನ್ನನ್ನು ಕದ್ದು ಕೇಳಿದಳು.

ಹೀಗಿರುವಾಗ ಅಕ್ಕ ಗಂಡು ಹುಡುಕಿದಳು. ಅನಕಾಪಲ್ಲಿಯಲ್ಲಿ ಬೆಲ್ಲದ ಮಂಡಿ ಇಟ್ಟ ಮನೆತನ, ನಮ್ಮವರೇ, ಮೂರು ತಲೆಮಾರಿನ ಹಿಂದೆ ಈ ಕಡೆ ಬಂದು ಅರ್ಧ ತೆಲುಗರಾದವರು. ಗಂಡಿನ ಮೊದಲ ಹೆಂಡತಿ ತೀರಿಕೊಂಡಿದ್ದಳು, ಒಂದು ಹೆಣ್ಣುಮಗು ಇತ್ತು. ಸುದ್ದಿಯನ್ನು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ.

"ಕಾಯಿಲಿ ವಿಷಯ ಹೇಳೀಯೇನ?"

"ಮದುವಿ ಆದಮ್ಯಾಲ ನಿಧಾನಕ ಹೇಳೂಣು."

"ಹುಚ್ಚು ಹಿಡದೈತೇನ ನಿನಗ? ಮುಚ್ಚಿಡಾಕ ಅದೇನು ಮಚ್ಚೆ ಏನು?"

"ನೀ ಸುಮ್ಮನಿರು. ಮದುವಿ ಮಾಡಿಕೊಳ್ಳದಾಕಿಗೆ ಏನ ಗೊತ್ತಾಗತೈತಿ" ಎಂದು ಅಕ್ಕ ನನ್ನ ಬಾಯಿ ಮುಚ್ಚಿಸಿದಳು. ಅವಳ ಲೆಕ್ಕಾಚಾರ ಹೀಗಿತ್ತು: ಶುಕ್ರವಾರ ವಿಜಯವಾಡದಲ್ಲಿ ರಕ್ತ ಏರಿಸುವುದು, ಭಾನುವಾರ ಗಂಡಿನವರು ನೋಡಲು ಬರುವುದು. ರಕ್ತ ಏರಿಸಿದ ಮೇಲಿನ ಎರಡು ಮೂರು ದಿನ ಹುಡುಗಿಯ ಮುಖಕ್ಕೆ ನಿಜಕ್ಕೂ ಕಳೆ ಬರುತ್ತಿತ್ತು. ತುಟಿ ಕೆಂಪಗೆ, ಮಾತಿಗೆ ಬ್ರೇಕಿಲ್ಲ, ಮೆಟ್ಟಿಲನ್ನು ಎರಡೆರಡಾಗಿ ಹಾರುತ್ತಿದ್ದಳು.

ನೀನಾದರೂ ಬೇಡ ಅನ್ನು ಎಂದು ನಾನು ಹುಡುಗಿಗೆ ಹೇಳಿದೆ. ಅವಳು ಚೀಲಕ್ಕೆ ಸೀರೆ ಮಡಿಸಿಡುತ್ತಿದ್ದಳು.

"ವ್ಯಾಂಪೈರ್‌ಗಳು ಕರೆಯದೆ ಯಾರ ಮನೆ ಹೊಸ್ತಿಲೂ ದಾಟೋ ಹಾಗಿಲ್ಲ ಪಿನ್ನೀ, ಗೊತ್ತಲ್ಲ? ಒಳಗಿರೋರು ಬಾ ಅನ್ನಬೇಕು. ನನ್ನನ್ನೂ ಒಬ್ಬರು ಬಾ ಅನ್ನಲಿ. ಒಂದೇ ಸಲ."

"ಸುಳ್ಳು ಹೇಳಿ ಕರೆಸಿಕೊಂಡ್ರ ಅದು ಕರೆದಂಗಾಗತೈತೇನ?"

"ಬಾ ಅಂದಮೇಲೆ ನಾನೇ ಹೇಳ್ತೀನಿ. ಮದುವೆಗೆ ಮುಂಚೆನೇ. ಅಮ್ಮನಿಗೆ ಹೇಳಬೇಡ" ಎಂದಳು. ಮುಖದಲ್ಲಿ ಆಸೆ ಇತ್ತು. ಆಸೆ ಇದ್ದ ಮುಖದ ಮುಂದೆ ನನ್ನ ಬಾಯಿಯ ಜೋರು ನಡೆಯಲಿಲ್ಲ. ಕಂಪನಿಗೆ ರಜೆ ಹಾಕಿ ಅವಳು ವಿಜಯವಾಡಕ್ಕೆ ಹೋದಳು.

ಆ ಶುಕ್ರವಾರಕ್ಕೆ ಮೊದಲೇ ಅನಕಾಪಲ್ಲಿಯಿಂದ ಫೋನು ಬಂತು. ಗಂಡಿನ ದೊಡ್ಡಪ್ಪ ತೀರಿಕೊಂಡರು, ಸೂತಕ ಕಳೆಯಲಿ ಎಂದರು. ಅಕ್ಕ ಏನು ಮಾಡಿದಳೆಂದರೆ, ರಕ್ತ ಏರಿಸುವುದನ್ನೂ ಮುಂದೂಡಿದಳು.

"ಈಗ ಏರಿಸಿದ್ರ ಅವರು ಬರೂ ಹೊತ್ತಿಗೆ ಬಣ್ಣ ಇಳಿದು ಹೋಗತೈತಿ. ಲಗೂನ ಮತ್ತೊಮ್ಮೆ ಏರಿಸ್ರಿ ಅಂದ್ರ ಆಸ್ಪತ್ರಿಯವರು ಒಪ್ಪಂಗಿಲ್ಲ. ಒಂದೀಟು ದಿನ ತಡಕೊಳ್ಳಲಿ" ಎಂದಳು.

ನಾನು ಫೋನಿನಲ್ಲಿ ಕೂಗಾಡಿದೆ. ಮಾಮನಿಗೆ ಹೇಳಿದರೆ ಅವನು, "ನಿಮ್ಮಕ್ಕಗ ಎಲ್ಲಾ ಗೊತ್ತೈತಿ ಬಿಡವ, ಇಷ್ಟು ವರ್ಷ ಆಕೀನ ಸಾಕ್ಯಾಳ" ಎಂದ. ಅದೂ ಸುಳ್ಳಲ್ಲ. ಸೂತಕ ಮುಗಿದ ಮೇಲೆ ಅಮಾವಾಸ್ಯೆ ಅಡ್ಡ ಬಂತು, ಆಮೇಲೆ ಗಂಡಿನ ಮಗುವಿಗೆ ಜ್ವರ. ಪ್ರತಿ ಸಲವೂ ಇನ್ನೊಂದು ನಾಲ್ಕು ದಿನದ ಮಾತೇ, ಹಾಗಾಗಿ ಪ್ರತಿ ಸಲವೂ ತಡೆದುಕೊಳ್ಳಬಹುದು ಅನ್ನಿಸುತ್ತಿತ್ತು ಅವರಿಗೆ. ನಾನು ಫೋನು ಮಾಡಿದರೆ ಹುಡುಗಿ, "ಚೆನ್ನಾಗಿದ್ದೀನಿ" ಎನ್ನುವ ಒಂದೇ ಶಬ್ದದ ನಡುವೆ ಉಸಿರು ತೆಗೆದುಕೊಳ್ಳತೊಡಗಿದಳು. ಅದನ್ನು ಕೇಳಿದವಳೇ ಲ್ಯಾಬಿಗೆ ಹೇಳಿ ರೈಲು ಹತ್ತಿದೆ.

ವಿಜಯವಾಡದಲ್ಲಿ ಕೆಂಡದಂಥ ಬಿಸಿಲು. ಮನೆಯೊಳಗೆ ಹೊಸ ಪರದೆ ಕಟ್ಟಿದ್ದರು, ಗಂಡಿನವರಿಗಾಗಿ. ಒಳಕೋಣೆಯಲ್ಲಿ ಹುಡುಗಿ ದಿಂಬುಗಳಿಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕಾಲು ಬಾತಿತ್ತು. ತುಟಿಗೂ ಕೆನ್ನೆಗೂ ವ್ಯತ್ಯಾಸವೇ ಇಲ್ಲ, ಎಲ್ಲ ಒಂದೇ ಬಣ್ಣ, ಹಳೆಯ ಮೇಣದ ಬಣ್ಣ. ಪುಸ್ತಕ ಎದೆಯ ಮೇಲೆ ಮಗುಚಿ ಬಿದ್ದಿತ್ತು, ಉಸಿರಿಗೆ ಏಳುತ್ತ ಬೀಳುತ್ತ.

"ನೋಡು ಪಿನ್ನೀ, ಈಗ ಪುಸ್ತಕದವರ ಹಾಗೇ ಆಗಿದ್ದೀನಿ" ಎಂದಳು.

ಅಕ್ಕ ಬಾಗಿಲಲ್ಲಿ ನಿಂತು, "ಶುಕ್ರವಾರ ಏರಸ್ತೇವಿ, ಈ ಸಲ ಖರೇನ ಬರ್ತಾರ, ನಿನ್ನೆ ಹೇಳ್ಯಾರ" ಎಂದಳು. ನಾನು ಅವಳಿಗೆ ಏನೇನು ಅಂದೆನೋ ಇಲ್ಲಿ ಬರೆಯಲಾರೆ. ಹುಡುಗಿಯನ್ನು ಮಾಮ ಎತ್ತಿಕೊಂಡ, ಆಟೋದಲ್ಲಿ ಆಸ್ಪತ್ರೆಗೆ ಹೋದೆವು.

ಡಾಕ್ಟರು ತೀರ ಸಣ್ಣ ವಯಸ್ಸಿನವರು. ವರದಿ ನೋಡಿ ಮೊದಲು ತೆಲುಗಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬೈದರು. ಕಬ್ಬಿಣ ತಿಂದ ಗುಂಡಿಗೆ, ನೀರಿನಂಥ ರಕ್ತವನ್ನು ಇಷ್ಟು ದಿನ ತಳ್ಳಿ ತಳ್ಳಿ ಸೋತಿತ್ತು. ಈಗ ರಕ್ತ ಬೇಕು, ಆದರೆ ಬೇಗ ಏರಿಸಿದರೆ ಅದೇ ಭಾರವಾಗುತ್ತದೆ. ತೊಟ್ಟು ತೊಟ್ಟಾಗಿ ಬಿಟ್ಟರು. ಹುಡುಗಿ ಕಣ್ಣಿನಲ್ಲೇ ಪುಸ್ತಕ ತೋರಿಸಿದಳು. ನಾನು ಓದಿದೆ. ತಾಯಿ ಮಗಳ ಕತೆಯ ಕೊನೆಯ ಭಾಗ ಅದು. ಮಗಳು ಸಿಟ್ಟಾಗಿ ದೂರ ಹೋದವಳು ಎಷ್ಟೋ ಕಾಲದ ನಂತರ ತಾಯಿಯನ್ನು ಹುಡುಕಿಕೊಂಡು ಬರುತ್ತಾಳೆ. ಜಗಳ ಮುಂದುವರಿಸಲಿಕ್ಕೇ ಬಂದದ್ದು. ಹುಡುಗಿ ಆಮ್ಲಜನಕದ ಮಾಸ್ಕಿನೊಳಗೆ ನಕ್ಕಳು.

"ಅವರಿಗೆ ಟೈಮಿದೆ" ಎಂದಳು.

ಆ ಮಾತನ್ನು ಅವಳು ಹೊಟ್ಟೆಕಿಚ್ಚಿನಿಂದ ಹೇಳಿದಳು. ಅದನ್ನು ಬೇರೆ ಯಾವ ಹೆಸರಿನಿಂದಲೂ ನಾನು ಕರೆಯಲಾರೆ. ರಕ್ತ, ಚೆಲುವು, ಬಂಗಲೆ ಎಲ್ಲ ಮೇಲಿನ ಅಲಂಕಾರ. ಆ ಲೇಖಕಿಯ ಪುಸ್ತಕಗಳಲ್ಲಿ ತಾಯಿಯ ಮೇಲೆ ಮುನಿಸಿಕೊಂಡು ಹೋಗಲು, ಮತ್ತೆ ಬರಲು, ಮತ್ತೆ ಮುನಿಸಿಕೊಳ್ಳಲು ಬೇಕಾದಷ್ಟು ಕಾಲವಿದೆ. ಇಪ್ಪತ್ತಮೂರರ ಹುಡುಗಿ ಆ ಕಾಲಕ್ಕಾಗಿ ಓದುತ್ತಿದ್ದಳು.

ಶನಿವಾರ ಮಧ್ಯಾಹ್ನ ಅಕ್ಕ ಅವಳ ಪಕ್ಕ ಕೂತು ಬೆರಳಿನಿಂದ ಕೆನ್ನೆ ಸವರುತ್ತಿದ್ದಳು. "ನೋಡ, ಬಣ್ಣ ಬರಾಕತ್ತೈತಿ" ಎಂದು ನನ್ನನ್ನು ಕರೆದಳು. ನಿಜಕ್ಕೂ ತುಟಿಯ ಮೇಲೆ ಸ್ವಲ್ಪ ಬಣ್ಣ ಬಂದಿತ್ತು. ಅಕ್ಕನ ಕೈ ಇನ್ನೂ ಅಲ್ಲೇ ಇದ್ದಾಗ ಗುಂಡಿಗೆ ನಿಂತಿತು. ನರ್ಸುಗಳು ಓಡಿ ಬಂದು ನಮ್ಮನ್ನು ಹೊರಗೆ ಕಳಿಸಿದರು. ಮರಳಿ ಒಳಗೆ ಕರೆದಾಗ ಎಲ್ಲ ನಳಿಗೆಗಳನ್ನೂ ತೆಗೆದಿದ್ದರು.

ಗಂಡಿನವರಿಗೆ ಬರಬೇಡಿ ಎಂದು ಮಾಮ ಫೋನು ಮಾಡಿದ. ಕಾರಣ ಹೃದಯಾಘಾತ ಎಂದಷ್ಟೇ ಹೇಳಿದ. ಆಗಲೂ ಮುಚ್ಚಿಟ್ಟರು, ನೋಡಿ. ಅಕ್ಕ ಅಳಲಿಲ್ಲ. ಬಂದವರಿಗೆಲ್ಲ, "ಜ್ವರ ಇತ್ತು, ಗುಂಡಿಗಿ ತಡೀಲಿಲ್ಲ" ಎಂದು ಒಂದೇ ದನಿಯಲ್ಲಿ ಹೇಳುತ್ತಿದ್ದಳು. ನಾನು ಅವಳೊಂದಿಗೆ ಮಾತು ಬಿಟ್ಟಿದ್ದೆ. ಅದೇ ಮನೆಯಲ್ಲಿ ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಮುಖ ಮಾತ್ರ ನೋಡುತ್ತಿರಲಿಲ್ಲ. ಕಪ್ಪು ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಹಗಲೆಲ್ಲ ಮೂಲೆಯಲ್ಲಿ ಕೂತು ಓದುತ್ತಿದ್ದೆ. ಬೈದವಳೇ ಓದಿದೆ. ಅದರಲ್ಲಿ ಸತ್ತವರು ಎದ್ದು ಬರುತ್ತಾರೆ ಎಂಬುದು ಹೆದರಿಕೆಯ ವಿಷಯ ಎಂದು ಯಾರು ಹೇಳಿದರೋ ಗೊತ್ತಿಲ್ಲ. ಆ ದಿನಗಳಲ್ಲಿ ನನಗೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇರಲಿಲ್ಲ.

ಕರ್ಮಾಂತರ ಮುಗಿದ ಮೇಲೆ ಅನಕಾಪಲ್ಲಿಯ ಗಂಡಿನ ತಾಯಿ ಮಾತಾಡಿಸಿಕೊಂಡು ಹೋಗಲು ಬಂದರು. ದಪ್ಪನೆಯ, ನಿಧಾನ ಸ್ವಭಾವದ ಹೆಂಗಸು, ತೆಲುಗು ಬೆರೆತ ಹಳೆಯ ಕನ್ನಡ. ಅಕ್ಕನ ಪಕ್ಕ ಚಾಪೆಯ ಮೇಲೆ ಕೂತು ಅವಳ ಕೈ ಹಿಡಿದುಕೊಂಡರು. ಅಕ್ಕ ಶುರು ಮಾಡಿದಳು, ಜ್ವರ ಇತ್ತು ಎಂದು.

ಆ ತಾಯಿ ಅವಳ ಕೈಯನ್ನು ಮೆಲ್ಲಗೆ ತಟ್ಟಿದರು. "ಬಿಡಮ್ಮಾ. ನಮಗೆ ಗೊತ್ತಿತ್ತು."

ಅಕ್ಕ ಅರ್ಥವಾಗದವಳಂತೆ ನೋಡಿದಳು.

"ಆ ಮಗುಗೆ ರಕ್ತ ಏರಿಸ್ತಾರೆ ಅಂತ ನಮ್ಮವರಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಹುಡುಗನಿಗೂ ಹೇಳಿದ್ದೆ. ಅವನೇ ವಿಶಾಖಪಟ್ಟಣದ ಆಸ್ಪತ್ರೆಗೆ ಹೋಗಿ ಎಲ್ಲ ವಿಚಾರಿಸ್ಕೊಂಡು ಬಂದಿದ್ದ. ನನಗೊಂದು ಮಗು ಇದೆ, ಇನ್ನು ಮಕ್ಕಳು ಬೇಡ, ಮನೇಲಿ ಮಾತಾಡೋರು ಒಬ್ಬರಿದ್ರೆ ಸಾಕು ಅಂದ."

ನನ್ನ ಬಾಯಿ ತಡೆಯಲಿಲ್ಲ. "ಮತ್ತ ಯಾಕ ಹೇಳಲಿಲ್ಲ? ಒಂದು ಮಾತು, ಫೋನಿನಾಗ ಒಂದು ಮಾತು!"

ಆಕೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ನೀವು ಮುಚ್ಚಿಟ್ಟಿದ್ರಿ ಕದಮ್ಮಾ. ನಾವೇ ಬಾಯಿ ಬಿಟ್ರೆ ಹೆಣ್ಣಿನವರಿಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ವಿ. ಹೇಗೂ ಒಪ್ಪಿಕೊಂಡೇ ಆಗಿತ್ತು. ನೋಡೋ ಶಾಸ್ತ್ರ ಒಂದೇ ಬಾಕಿ."

ಅಕ್ಕ ಹೊಸ ಪರದೆಯ ಕಡೆ ನೋಡುತ್ತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ ಕೇಳಿದಳು.

"ಬಿಳಿಚಿಕೊಂಡಿದ್ರೂ ಒಪ್ಪತಿದ್ರೇನ್ರೀ?"

"ಹೂಂನಮ್ಮಾ" ಎಂದರು ಆ ತಾಯಿ. "ಬಿಳಿಚಿಕೊಂಡಿದ್ರೂ."